ಮೂರು ಉಕ್ಕಿನ ಹಾಲು

ಘೋಡಗೇರಿಯಲ್ಲಿ ಭೀಮಶಿಯ ಮಾತು ಬಂದರೆ ಜನ ಮೊದಲು ಹೇಳುತ್ತಿದ್ದದ್ದು ಅವನ ಬೆನ್ನಿನ ಬಗ್ಗೆ. ಗರಡಿಮನೆಯ ಕೆಂಪು ಮಣ್ಣು ಮೆತ್ತಿದ ಆ ಬೆನ್ನು ಕುಸ್ತಿಯಲ್ಲಿ ನೆಲಕ್ಕೆ ತಾಗಿದ್ದನ್ನು ಕಂಡವರು ಊರಲ್ಲಿ ಕಡಿಮೆ. ಆ ಬೆನ್ನು ಬೆಳೆದದ್ದು ತನ್ನ ಎಮ್ಮೆಯ ಹಾಲಿನಿಂದ ಎಂದು ಅವನ ತಾಯಿ ಸುಂದ್ರವ್ವ ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು. ಹದಿನಾಲ್ಕನೇ ವಯಸ್ಸಿಗೆ ಅವನು ಗರಡಿಗೆ ಸೇರಿದಾಗಿನಿಂದ ದಿನಾ ಬೆಳಗ್ಗೆ ಕೆಚ್ಚಲಿನ ಕೆಳಗೇ ತಂಬಿಗೆ ಹಿಡಿದು, ಬಿಸಿಯಾರುವ ಮೊದಲೇ ನೊರೆಹಾಲನ್ನು ಅವನ ಕೈಗೆ ಕೊಡುವುದು ಅವಳ ವ್ರತವಾಗಿತ್ತು. ಈಗ ಅವನಿಗೆ ಮೂವತ್ತೆರಡು. ಕುಸ್ತಿ ಬಿಟ್ಟು ಟ್ರ್ಯಾಕ್ಟರ್ ಹಿಡಿದು, ಕಬ್ಬಿನ ಹಂಗಾಮಿನಲ್ಲಿ ಸಂಕೇಶ್ವರದ ಕಡೆಗೆ ಕಬ್ಬು ಹೇರುತ್ತಿದ್ದ. ಗರಡಿ ಬಿಟ್ಟರೂ ತಂಬಿಗೆ ಬಿಟ್ಟಿರಲಿಲ್ಲ.

ಆ ವರ್ಷ ದಸರೆಯ ಮುಂದೆ ಕೊಟ್ಟಿಗೆಯ ಮೂರು ಎಮ್ಮೆಗಳಲ್ಲಿ ಒಂದು ಏಳು ತಿಂಗಳಿಗೇ ಕಂದು ಹಾಕಿತು. ಸತ್ತ ಕರುವನ್ನು ಭೀಮಶಿಯೇ ಬರಿಗೈಯಲ್ಲಿ ಎಳೆದು ತೆಗೆದ. ತಿಂಗಳು ಕಳೆಯುವಷ್ಟರಲ್ಲಿ ಅವನಿಗೆ ಜ್ವರ ಹಿಡಿಯಿತು. ಸಂಜೆಗೆ ಏರುವುದು, ಬೆಳಗಿನ ಹೊತ್ತಿಗೆ ಹಾಸಿಗೆಯೆಲ್ಲ ತೊಯ್ಯುವಷ್ಟು ಬೆವರಿ ಇಳಿಯುವುದು. ಮೈಕೈ ನೋವು, ಸೊಂಟ ಹಿಡಿತ. ಊರಲ್ಲಿ ಎರಡು ಸಲ ಇಂಜೆಕ್ಷನ್ ಆಯಿತು. ಜ್ವರ ಎರಡು ದಿನ ಮರ್ಯಾದೆ ಕೊಟ್ಟು ಮತ್ತೆ ಬಂತು. ಕಡೆಗೆ ಹೆಂಡತಿ ಸರಿತಾ ಹಟ ಮಾಡಿ ಗೋಕಾಕದ ದವಾಖಾನೆಗೆ ಹೊರಡಿಸಿದಳು. ಮಗನನ್ನು ಸೊಸೆಯೊಬ್ಬಳ ಕೈಗೆ ಕೊಟ್ಟು ಕಳಿಸುವ ಪೈಕಿ ಅಲ್ಲ ಸುಂದ್ರವ್ವ, ತಾನೂ ಬಸ್ ಹತ್ತಿದಳು.

ಡಾಕ್ಟರ್ ಅರ್ಚನಾ ರಕ್ತದ ರಿಪೋರ್ಟು ನೋಡಿ ಮೊದಲು ಕೇಳಿದ್ದೇ ಎಮ್ಮೆಯ ಮಾತು.

"ನಿಮ್ಮ ಮನ್ಯಾಗ ಎಮ್ಮಿ ಕಂದ ಹಾಕಿತ್ತೇನ್ರಿ?"

"ಹೌದ್ರಿ, ದಸರಾ ಮುಂದ," ಎಂದ ಭೀಮಶಿ. "ನಾನ ಎಳದ ಹಾಕೇನ್ರಿ."

"ಹಸಿ ಹಾಲ ಕುಡೀತೀರಿ?"

"ಹುಟ್ಟಿದಾಗಿಂದ ಕುಡೀತಾನ್ರಿ ಡಾಕ್ಟರಬಾಯಿ," ಎಂದು ಸುಂದ್ರವ್ವ ಎದೆಯುಬ್ಬಿಸಿ ನಡುವೆ ಬಾಯಿ ಹಾಕಿದಳು.

"ಆ ಎಮ್ಮಿ ರೋಗನ ಇವರಿಗೆ ಬಂದೈತಿ. ಕೈಯಿಂದನರ ಬಂದಿರಬೇಕು, ಹಸಿ ಹಾಲಿನಿಂದನರ ಬಂದಿರಬೇಕು. ಇನ್ನ ಮುಂದ ಹಾಲ ಕಾಸದ ಯಾರೂ ಕುಡೀಬ್ಯಾಡ್ರಿ. ಎಮ್ಮೀನ ಪಶು ಡಾಕ್ಟರಿಗೆ ತೋರಸ್ರಿ."

ಸುಂದ್ರವ್ವನ ತಲೆ ಅಲ್ಲಿಗೇ ನಿಂತುಬಿಟ್ಟಿತು. ತನ್ನ ಹಾಲಿನಿಂದ ಮಗನಿಗೆ ರೋಗ! ಹದಿನೆಂಟು ವರ್ಷದ ವ್ರತಕ್ಕೆ ಈ ಹೆಣ್ಣುಮಗಳು ಒಂದೇ ಮಾತಿಗೆ ಮಸಿ ಬಳಿದಳಲ್ಲ ಎಂದು ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಡಾಕ್ಟರು ಮುಂದೆ ಹೇಳಿದ್ದನ್ನೆಲ್ಲ ಸೊಸೆ ಕೇಳಿಸಿಕೊಂಡಳು. ಅತ್ತೆ ಕೇಳಿಸಿಕೊಂಡಂತೆ ಕೂತಿದ್ದಳು, ಅಷ್ಟೇ.

"ಎರಡ ನಮೂನಿ ಗುಳಿಗಿ ಅದಾವ. ಕೆಂಪ ಗುಳಿಗಿ ತಗೊಂಡ್ರ ಉಚ್ಚಿ ಕೆಂಪ ಆಗತೈತಿ, ಅಂಜಬ್ಯಾಡ್ರಿ. ಅದನ್ನ ಬರೀ ಹೊಟ್ಟ್ಯಾಗ ತಗೋರಿ. ಇದು ಡಾಕ್ಸಿಸೈಕ್ಲಿನ್, ಮುಂಜಾನಿ ಒಂದ, ಸಂಜಿಗೆ ಒಂದ. ಇದು ಒಂದ ರೋಗಕ್ಕಂತ ಮಾಡಿದ್ದಲ್ಲ, ಹತ್ತಾರು ಜಾತಿ ರೋಗದ ಹುಳಾ ಹಿಡಿಯೂ ಗುಳಿಗಿ. ಆದ್ರ ಇದು ಹುಳಾ ಬೆಳ್ಯಾಕ ಬಿಡೂದಿಲ್ಲ, ಅಷ್ಟ. ಬೆಳೀಲಾರದ ಹುಳಾನ ಮೈಯಾಗಿನ ಶಕ್ತಿನ ಮುಗಸಬೇಕು. ಈ ಹುಳಾ ಮೈಯಾಗ ಅಡಗಿ ಕುಂದರೂ ಪೈಕಿ. ಅದಕ್ಕ ಆರು ವಾರ. ಜ್ವರಾ ಬಿಟ್ರೂ ಆರು ವಾರ."

"ಹಾಲ್ ಜೋಡಿ ತಗೊಂಡ್ರ ನಡೀತೈತೇನ್ರಿ?" ಎಂದು ಸರಿತಾ ಕೇಳಿದಳು.

"ಬ್ಯಾಡ. ಹಾಲು, ಮಸರು, ಮಜ್ಜಿಗಿ, ಯಾವುದೂ ಗುಳಿಗಿ ಜೋಡಿ ಬ್ಯಾಡ. ಹಾಲಿನಾಗಿನ ಸುಣ್ಣದ ಅಂಶ ಗುಳಿಗೀನ ಹಿಡಕೊಂತೈತಿ, ರಕ್ತಕ್ಕ ಹೋಗೂದು ಕಡಿಮಿ ಆಗತೈತಿ. ಎರಡ ತಾಸ ಹಿಂದ ಮುಂದ ಬಿಟ್ಟ ಕುಡೀಲಿ. ತುಂಬಿದ ತಂಬಿಗಿ ನೀರಾಗ ನುಂಗಬೇಕು, ನುಂಗಿದ ಕೂಡ್ಲೇ ಮಲಗಬಾರದು, ಗಂಟಲಾಗ ಕುಂತ್ರ ಎದಿ ಸುಡತೈತಿ. ಉಳದ್ವು ಅಂತ ಮತ್ತೊಬ್ಬರಿಗೆ ಕೊಡಬ್ಯಾಡ್ರಿ, ಬಸುರಿ ಹೆಣಮಕ್ಕಳಿಗೆ, ಸಣ್ಣ ಹುಡುಗರಿಗೆ ಅಂತೂ ಮುಟ್ಟಸಬ್ಯಾಡ್ರಿ."

ಮರುದಿನ ಬೆಳಗ್ಗೆ ಕೆಂಪು ಗುಳಿಗೆ ಆಯಿತು, ಒಂದು ತಾಸು ಬಿಟ್ಟು ರೊಟ್ಟಿ, ಹಿಂಡಿಪಲ್ಯ ಆಯಿತು. ಭೀಮಶಿ ಎರಡನೇ ಗುಳಿಗೆ ಕೈಯಲ್ಲಿ ಹಿಡಿದಿದ್ದ. ಸುಂದ್ರವ್ವ ಒಲೆಯ ಮೇಲಿಂದ ಹಾಲಿಳಿಸಿ ದೊಡ್ಡ ಲೋಟಕ್ಕೆ ಬಗ್ಗಿಸಿದಳು. ಇನ್ನೊಂದು ಎಮ್ಮೆಯ ಹಾಲು. ಹಿಂದಿನ ಸಂಜೆಯೇ ಪಶು ಡಾಕ್ಟರು ಬಂದು ಕಂದು ಹಾಕಿದ್ದನ್ನು ಬೇರೆ ಕಟ್ಟಿಸಿ, ಇದಕ್ಕೇನೂ ಇಲ್ಲ ಎಂದು ಹೇಳಿ ಹೋಗಿದ್ದರು.

"ಅತ್ತಿ, ಹಾಲ ಬ್ಯಾಡ್ರಿ," ಎಂದಳು ಸರಿತಾ. "ಡಾಕ್ಟರ ನೀರಾಗ ಅಂತ ಹೇಳ್ಯಾರ."

"ಹಸಿ ಹಾಲ ಬ್ಯಾಡ ಅಂದಾರ. ಇದು ಮೂರ ಉಕ್ಕ ಬಂದ ಹಾಲು. ಮೂರ ಉಕ್ಕ ಬಂದ ಹಾಲಿನ್ಯಾಗ ಯಾವ ಹುಳಾ ಉಳೀತೈತಿ?"

"ಹುಳಾದ ಮಾತಲ್ರಿ. ಗುಳಿಗಿಗೆ ಹಾಲ ಕೂಡೂದಿಲ್ಲಂತ."

"ಗುಳಿಗಿ ಭಾಳ ಉಷ್ಣ. ಹಾಲಿಲ್ಲದ ಹೊಟ್ಟ್ಯಾಗ ಹಾಕಿದ್ರ ಕರುಳ ಸುಟ್ಟ ಹೋಗ್ತಾವ. ಹಡದಾಕಿಗೆ ಗೊತ್ತೋ, ನಿನ್ನೆ ಮೊನ್ನೆ ಬಂದಾಕಿಗೆ ಗೊತ್ತೋ?"

"ನಾಕ ವರ್ಷಾತ್ರಿ ನಾ ಬಂದು."

"ನಾಕ ವರ್ಷ ಅಂದ್ರ ನಿನ್ನೆ ಮೊನ್ನೆನ. ನನ್ನ ಮಗಗ ಒಂದ ಲೋಟಾ ಹಾಲ ಕುಡ್ಯಾಕ ನಿನ್ನ ಪರವಾನಗಿ ಬೇಕೇನು?"

ಬಾಗಿಲಲ್ಲಿ ಎಲೆಯಡಿಕೆ ಜಗಿಯುತ್ತ ಕೂತಿದ್ದ ಕೆಂಚಪ್ಪ, ಸುಂದ್ರವ್ವನ ಗಂಡ, ಅಲ್ಲಿಂದಲೇ ಹೇಳಿದ: "ಏ, ಮುಂಜಾನೆದ್ದ ಹಾಲಿನ ಸಲುವಾಗಿ ಕುಸ್ತಿ ಹಿಡೀಬ್ಯಾಡ್ರಿ. ಪೈಲ್ವಾನ ಅವ ಅದಾನ, ನೀವಲ್ಲ."

"ನೀವ ಸುಮ್ಕ ಕುಂದರ್ರಿ," ಎಂದಳು ಸುಂದ್ರವ್ವ.

ಭೀಮಶಿ ಇಬ್ಬರ ಮುಖವನ್ನೂ ನೋಡಿದ. ಅಖಾಡದಲ್ಲಿ ಎಂಥವನಿಗೂ ಹಿಂದೆ ಸರಿಯದವನು ತಾಯಿಯ ಮುಂದೆ ಮಾತ್ರ ಯಾವತ್ತೂ ಸೋತವನೇ. ಗುಳಿಗೆಯನ್ನು ಹಾಲಿನಲ್ಲೇ ನುಂಗಿ, ಮೀಸೆ ಒರೆಸಿಕೊಂಡು, "ಜಗಳಾ ಮುಗೀತಿಲ್ಲೋ?" ಎಂದು ನಕ್ಕ. ಸರಿತಾ ಮಾರನೆಯ ದಿನವೂ ಬಾಯಿ ಮಾಡಿದಳು. ಅವತ್ತು ಸುಂದ್ರವ್ವ ಸೊಸೆಯ ತವರನ್ನು ಎಳೆದು ತಂದಳು: ಕಲ್ಲೋಳಿಯವರಿಗೆ ಪ್ಯಾಕೆಟ್ ಹಾಲಿನ ಚಹ ಬಿಟ್ಟರೆ ಹಾಲಿನ ಬೆಲೆ ಎಲ್ಲಿ ಗೊತ್ತಾಗಬೇಕು ಎಂದಳು. ಮೂರನೆಯ ದಿನದಿಂದ ಸರಿತಾ ಆ ಹೊತ್ತಿಗೆ ಹಿತ್ತಲಿಗೆ ಹೋಗಿ ಸಗಣಿ ಬಳಿಯತೊಡಗಿದಳು. ತಾನು ಗೆದ್ದೆ ಎಂದು ಸುಂದ್ರವ್ವನಿಗೆ ಒಳಗೊಳಗೇ ಸಮಾಧಾನವಾಯಿತು.

ಹತ್ತು ದಿನಕ್ಕೆ ಜ್ವರ ಇಳಿಯಿತು. ಬೆವರು ನಿಂತಿತು. ಬೆಳಗ್ಗೆ ಎರಡು ರೊಟ್ಟಿ ತಿನ್ನುತ್ತಿದ್ದವನು ಮೂರು ತಿಂದ. ಹಾಲಿನ ಗುಣ ನೋಡಿ ಎಂದು ಸುಂದ್ರವ್ವ ನೀರಿಗೆ ಬಂದ ಹೆಂಗಸರ ಮುಂದೆಲ್ಲ ಹೇಳಿಕೊಂಡಳು.

ಮೂರನೆಯ ವಾರದ ಕೊನೆಗೆ ಸರಿತಾ ಕಲ್ಲೋಳಿಗೆ ಹೋದಳು. ಅವಳ ತಾಯಿಯ ಕಣ್ಣಿನ ಆಪರೇಶನ್ ಇತ್ತು, ನೋಡಿಕೊಳ್ಳಲು ಬೇರೆ ಹೆಣ್ಣುಮಕ್ಕಳಿರಲಿಲ್ಲ. ಹೋಗುವಾಗ ಗಂಡನಿಗೆ, "ಇನ್ನ ಮೂರ ವಾರದ್ದ ಅದಾವ, ತಪ್ಪಸಬ್ಯಾಡ್ರಿ" ಎಂದು ಗುಳಿಗೆಗಳನ್ನು ತೋರಿಸಿ ಹೋದಳು.

ಅವಳು ಹೋದ ಎರಡು ದಿನಕ್ಕೆ ಭೀಮಶಿಗೆ ಎದೆಯುರಿ ಶುರುವಾಯಿತು. ಸಂಜೆಯ ಗುಳಿಗೆಯನ್ನು ಎರಡು ಗುಟುಕು ಹಾಲಿನಲ್ಲಿ ನುಂಗಿ, ಹಾಗೇ ಉರುಳಿಕೊಳ್ಳುವುದು ಅವನ ರೂಢಿಯಾಗಿತ್ತು. ಅನ್ನ ನುಂಗಿದರೂ ಗಂಟಲಿನಿಂದ ಕೆಳಗೆ ಉರಿ. ಅದರ ಜೊತೆಗೆ ಬಚ್ಚಲಲ್ಲಿ ಕೆಂಪು ಉಚ್ಚೆ ಹರಿದದ್ದನ್ನು ಸುಂದ್ರವ್ವ ಕಣ್ಣಾರೆ ಕಂಡಳು. ಅದರ ಸಂಗತಿ ಡಾಕ್ಟರು ಮೊದಲೇ ಹೇಳಿದ್ದರು. ಅವಳ ಕಿವಿಗೆ ಅದು ಬಿದ್ದಿರಲಿಲ್ಲ.

"ಇದು ರಕ್ತ," ಎಂದಳು. "ಉಷ್ಣ ಆಗಿ ರಕ್ತ ಹೊಂಟೈತಿ. ಸಾಕ ಮಾಡಪಾ ಈ ಗುಳಿಗಿ."

"ಆರು ವಾರ ಅಂದಾರ ಯವ್ವಾ. ಮೂರ ವಾರ ಆಗ್ಯಾವ."

"ಜ್ವರಾ ಐತೇನು?"

"ಇಲ್ಲ."

"ಸೊಂಟ ನೋಯ್ತೈತೇನು?"

"ಅದೂ ಇಲ್ಲ."

"ಮತ್ತ ಯಾವ ರೋಗಕ್ಕ ತಗೋತಿ? ಗುಣಾ ಆದಮ್ಯಾಲ ಯಾರರ ಗುಳಿಗಿ ತಿಂತಾರೇನು? ಹಂಗಾಮ ಚಾಲೂ ಆಗೇತಿ, ಟ್ರ್ಯಾಕ್ಟರ್ ಹೊಡೆಯವ ನೀ, ಉರಿಯೂ ಹೊಟ್ಟಿ ಹಿಡಕೊಂಡ ಹೆಂಗ ಹೊಡೀತಿ?"

ಗುಣವಾದ ಮನುಷ್ಯನಿಗೆ ಇದಕ್ಕಿಂತ ಸಿಹಿಯಾದ ಮಾತು ಯಾವುದಿದೆ? ಭೀಮಶಿ ಗುಳಿಗೆ ಬಿಟ್ಟ. ಎರಡೇ ದಿನಕ್ಕೆ ಎದೆಯುರಿ ಹೋಯಿತು, ಉಚ್ಚೆ ತಿಳಿಯಾಯಿತು. ಸರಿತಾ ಹದಿನೈದು ದಿನ ಬಿಟ್ಟು ಬಂದಾಗ ಅವನು ಕಬ್ಬಿನ ಧೂಳು ಮೆತ್ತಿಕೊಂಡು ಎರಡು ಟ್ರೇಲರ್ ಎಳೆದುಕೊಂಡು ಎದುರಿಗೇ ಬಂದ. "ಗುಳಿಗಿ?" ಎಂದು ಕೇಳಿದಳು. "ನಡದಾವ ನಡದಾವ" ಎಂದ. ಅದಾಗಿ ಒಂದು ವಾರಕ್ಕೆ "ಮುಗದುವು" ಎಂದ. ಸುಂದ್ರವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವಳು ತಲೆಯೆತ್ತಲಿಲ್ಲ.

ಸಂಕ್ರಾಂತಿಯ ಎಳ್ಳು ಹಂಚಿ ನಾಲ್ಕು ದಿನವಾಗಿತ್ತು. ಭೀಮಶಿ ಟ್ರ್ಯಾಕ್ಟರಿನಿಂದ ಇಳಿಯಲು ಹೋಗಿ, ಸ್ಟೇರಿಂಗ್ ಹಿಡಿದುಕೊಂಡು ಹಾಗೇ ನಿಂತುಬಿಟ್ಟ. ಸೊಂಟದಲ್ಲಿ ಸಲಾಕೆ ಇಟ್ಟಂತೆ ನೋವು. ಸಂಜೆಗೆ ಜ್ವರವೂ ಬಂತು. ನೋವಿಗೆ ಎಣ್ಣೆ ತಿಕ್ಕಿ, ಬಿಸಿ ಉಪ್ಪಿನ ಗಂಟಿನ ಕಾವು ಕೊಟ್ಟು ಒಂದು ವಾರ ಕಳೆದರು. ಎಡಗಾಲು ಜೋಮು ಹಿಡಿಯತೊಡಗಿತು.

ಗೋಕಾಕಕ್ಕೆ ಈ ಸಲ ತಾಯಿ ಮಗ ಇಬ್ಬರೇ ಹೋದರು. ಮೂರನೆಯ ಎಮ್ಮೆ ಈಯುವುದರಲ್ಲಿತ್ತು, ಸರಿತಾ ಮನೆಯಲ್ಲಿ ಉಳಿದಳು. ಡಾಕ್ಟರ್ ಅರ್ಚನಾ ಅವನ ಕಾಲು ಎತ್ತಿಸಿ ನೋಡಿದರು, ಬೆನ್ನ ಮೇಲೆ ಬೆರಳಿನಿಂದ ತಟ್ಟಿದರು. ಒಂದು ಕಡೆ ತಟ್ಟಿದಾಗ ಪೈಲ್ವಾನ ಕಿರುಚಿದ.

"ಗುಳಿಗಿ ಆರು ವಾರ ಪೂರಾ ತಗೊಂಡೀರೇನು? ಖರೆ ಹೇಳ್ರಿ, ಇದರ ಮ್ಯಾಲ ಭಾಳ ನಿಂತೈತಿ."

ಭೀಮಶಿ ತಾಯಿಯ ಕಡೆ ತಿರುಗಿಯೂ ನೋಡಲಿಲ್ಲ.

"ಪೂರಾ ತಗೊಂಡೇನ್ರಿ."

"ನೀರಾಗ?"

"ನೀರಾಗರಿ."

ಡಾಕ್ಟರು ಹುಬ್ಬು ಗಂಟಿಕ್ಕಿದರು. ಅಷ್ಟು ಸರಿಯಾಗಿ ತಗೊಂಡಮೇಲೂ ಹೀಗಾಗಿದೆ ಎಂದರೆ ಇದು ಬೇರೆಯೇ ಇರಬಹುದು, ಬೆನ್ನೆಲುಬಿನ ಟಿಬಿಯೂ ಇರಬಹುದು, ನೋಡದೆ ಔಷಧ ಶುರು ಮಾಡಲಾಗದು ಎಂದರು. ಬೆಳಗಾವಿಗೆ ಚೀಟಿ ಬರೆದರು. ಸರಿತಾ ಜೊತೆಗೆ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬಂದಳು. ಬೆನ್ನೆಲುಬಿನೊಳಗಿಂದ ಸೂಜಿಯಲ್ಲಿ ತೆಗೆದದ್ದನ್ನು ಪರೀಕ್ಷೆಗೆ ಇಟ್ಟುಕೊಂಡರು, ರಿಪೋರ್ಟು ಬರಲು ದಿನ ಹಿಡಿಯುತ್ತದೆ ಎಂದರು. ಮನೆಗೆ ಬಂದು ಎಲ್ಲರೂ ಕಾಯುತ್ತ ಕೂತರು.

ಗೋಕಾಕದಿಂದ ಬಸ್ಸಿನಲ್ಲಿ ಬರುವಾಗಲೇ ಸುಂದ್ರವ್ವ ಮಗನನ್ನು ಕೇಳಿದ್ದಳು: "ಯಾಕ ಸುಳ್ಳ ಹೇಳಿದಿ?"

"ಮತ್ತೇನ ಹೇಳಲಿ? ನಮ್ಮವ್ವ ಬಿಡಿಸಿದ್ಲು ಅಂತ ಹೇಳಲೇನು? ಬಿಡು ಯವ್ವಾ. ಆ ಗುಳಿಗಿಗೂ ಇದಕ್ಕೂ ಸಂಬಂಧ ಇರಲಿಕ್ಕಿಲ್ಲ."

ಆ ಮಾತನ್ನು ಅವಳು ಆರು ದಿನ ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದಳು. ಸಂಬಂಧ ಇರಲಿಕ್ಕಿಲ್ಲ. ಎಮ್ಮೆ ಈಯಿತು, ಹೆಣ್ಣು ಕರು. ಗಿಣ್ಣ ಮಾಡಿ ಮಗನ ಮುಂದಿಟ್ಟಳು, ಅವನು ಒಂದು ಚಮಚ ಬಾಯಿಗೆ ಹಾಕಿ ಸರಿಸಿದ. ಏಳನೆಯ ದಿನ ಬೆಳಗ್ಗೆ ಬಚ್ಚಲಿಗೆಂದು ಎದ್ದವನು ಹೊಸ್ತಿಲ ಹತ್ತಿರ ಬಿದ್ದ. ಎಡಗಾಲಿನ ಪಾದ ಎತ್ತಲು ಹೋದರೆ ಏಳುತ್ತಿರಲಿಲ್ಲ. ಕೆಂಚಪ್ಪ ಮತ್ತು ಸರಿತಾ ಎರಡೂ ಕಡೆ ರಟ್ಟೆ ಹಿಡಿದು ಎತ್ತಿದರು. ಆ ಬೆನ್ನು ಮೊದಲ ಸಲ ನೆಲಕ್ಕೆ ತಾಗಿದ್ದನ್ನು ಸುಂದ್ರವ್ವ ನೋಡಿದಳು. ಅಲ್ಲಿ ಎದುರಾಳಿ ಯಾರೂ ಇರಲಿಲ್ಲ.

ಸರಿತಾ ಒಳಗೆ ಗಂಡನ ಕಾಲು ತಿಕ್ಕುತ್ತಿದ್ದಾಗ, ಸುಂದ್ರವ್ವ ಕೆಂಚಪ್ಪನ ಮುಂದೆ ಕೂತು ಎಲ್ಲ ಹೇಳಿದಳು. ಹಾಲು, ಬಿಡಿಸಿದ್ದು, ಮಗ ಹೇಳಿದ ಸುಳ್ಳು. ಕೆಂಚಪ್ಪ ರೊಟ್ಟಿ ಕೈಯಲ್ಲೇ ಹಿಡಿದುಕೊಂಡು ಕೇಳಿದ. ಯಾವಾಗಲೂ ಏನಾದರೊಂದು ಚೇಷ್ಟೆಯ ಮಾತು ಆಡುವ ಮನುಷ್ಯ ಅವತ್ತು ನಗಲಿಲ್ಲ.

"ಅವ ಸುಳ್ಳ ಹೇಳಿದ್ದು ನಿನ್ನ ಸಲುವಾಗಿ," ಎಂದ. "ನೀ ಸುಮ್ಕಿರೂದು ಯಾರ ಸಲುವಾಗಿ?"

ಸುಂದ್ರವ್ವ ಎದ್ದು ಸೀರೆ ಬದಲಿಸಿದಳು. ಹನ್ನೊಂದರ ಬಸ್ಸಿಗೆ ಒಬ್ಬಳೇ ಗೋಕಾಕಕ್ಕೆ ಹೊರಟಳು. ಜೀವಮಾನದಲ್ಲಿ ಅವಳು ಒಬ್ಬಳೇ ದವಾಖಾನೆಗೆ ಹೋದದ್ದು ಅದೇ ಮೊದಲು.

ಪಾಳಿ ಬರುವವರೆಗೂ ಕಾದು ಒಳಗೆ ಹೋದವಳು ಕುರ್ಚಿಯ ಮೇಲೆ ಕೂರಲಿಲ್ಲ.

"ನನ್ನ ಮಗ ಸುಳ್ಳ ಹೇಳ್ಯಾನ್ರಿ ಡಾಕ್ಟರಬಾಯಿ. ಗುಳಿಗಿ ಪೂರಾ ತಗೊಂಡಿಲ್ಲ. ಮೂರ ವಾರಕ್ಕ ನಾನ ಬಿಡಿಸೇನಿ. ತಗೊಂಡಷ್ಟ ದಿನಾನೂ ಹಾಲಿನ್ಯಾಗ ಕೊಟ್ಟೇನಿ. ಮೂರ ಉಕ್ಕ ಬರಿಸಿದ ಹಾಲ್ರಿ, ನಾ ಕೆಟ್ಟದ್ದ ಮಾಡಾಕ ಕೊಟ್ಟಿಲ್ಲ. ಇವತ್ತ ಮುಂಜಾನಿ ಬಿದ್ದಾನ್ರಿ, ಎಡಗಾಲಿನ ಪಾದ ಏಳವಲ್ದು."

ಡಾಕ್ಟರು ಬರೆಯುತ್ತಿದ್ದ ಪೆನ್ನು ಇಟ್ಟರು. ಬೈಯುತ್ತಾರೆ ಎಂದು ಸುಂದ್ರವ್ವ ತಲೆ ಬಗ್ಗಿಸಿ ನಿಂತಳು. ಡಾಕ್ಟರು ಬೈಯಲಿಲ್ಲ. ಬೆಳಗಾವಿಗೆ ಫೋನು ಹಚ್ಚಿ ಇಂಗ್ಲಿಷಿನಲ್ಲಿ ಗಡಿಬಿಡಿಯಿಂದ ಮಾತಾಡಿದರು. ಆಮೇಲೆ, "ಇವತ್ತ ಸಂಜಿಯೊಳಗ ಅವರನ್ನ ಬೆಳಗಾವಿಗೆ ಒಯ್ಯಬೇಕು. ಅದ ಹಳೇ ರೋಗನ ತಿರಿಗಿ ಬೆನ್ನೆಲುಬಿಗೆ ಕುಂತಂಗ ಕಾಣಾಕತ್ತೈತಿ. ಇಂಜೆಕ್ಷನ್ ಚಾಲೂ ಮಾಡ್ತಾರ" ಎಂದರು.

"ನಾ ಅವತ್ತ ಹೇಳಿದ್ರ ಕಾಲ ಉಳೀತಿತ್ತೇನ್ರಿ?"

"ಹೇಳಾಕ ಬರೂದಿಲ್ಲ, ಸುಂದ್ರವ್ವಾರ."

"ಹಾಲಿನಿಂದ ಆತೇನ್ರಿ?"

"ಹಾಲು ಒಂದರಿಂದನ ಅಂತ ಹೇಳಾಕಾಗೂದಿಲ್ಲ. ನಡಕ ಬಿಟ್ಟದ್ದ ಹೆಚ್ಚು. ಪೂರಾ ತಗೊಂಡವ್ರಿಗೂ ಒಬ್ಬೊಬ್ಬರಿಗೆ ತಿರಿಗಿ ಬರತೈತಿ. ಆದ್ರ ತಗೊಂಡಿದ್ರ ಬರೂದು ಕಡಿಮಿ."

ಹೌದು ಎಂದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳೋ ಏನೋ. ಇಲ್ಲ ಎಂದಿದ್ದರೆ ಬದುಕಿಕೊಳ್ಳುತ್ತಿದ್ದಳು. ಡಾಕ್ಟರು ಎರಡನ್ನೂ ಕೊಡಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಬಸ್ ನಿಲ್ದಾಣಕ್ಕೆ ನಡೆದಳು.

ಬೆಳಗಾವಿಯಲ್ಲಿ ಒಂದು ತಿಂಗಳಾಯಿತು. ರಿಪೋರ್ಟಿನಲ್ಲೂ ಅದೇ ಹಳೆಯ ರೋಗವೆಂದು ಬಂತು. ಬೆನ್ನಿಗೆ ಆಪರೇಶನ್ ಆಯಿತು, ಇಂಜೆಕ್ಷನ್ ಆಯಿತು, ಮತ್ತೆ ಅವೇ ಗುಳಿಗೆಗಳು, ಇನ್ನೂ ಹಲವು ತಿಂಗಳಿಗೆ. ಜ್ವರ ಹೋಯಿತು, ನೋವು ಇಳಿಯಿತು. ಪಾದ ಮಾತ್ರ ಬರಲಿಲ್ಲ. ಭೀಮಶಿ ಸೊಂಟಕ್ಕೆ ಪಟ್ಟಾ ಬಿಗಿದು, ಕೋಲು ಹಿಡಿದು, ಎಡಗಾಲು ಎಳೆಯುತ್ತ ಮನೆಗೆ ಬಂದ. ಭಾರ ಎತ್ತಬಾರದು, ಟ್ರ್ಯಾಕ್ಟರ್ ಹತ್ತಬಾರದು ಎಂದಿದ್ದರು. ಹಾಗೆ ಹೇಳದಿದ್ದರೂ ಕ್ಲಚ್ ಒತ್ತುವ ಕಾಲು ಅದೇ ಆಗಿತ್ತು. ಟ್ರ್ಯಾಕ್ಟರನ್ನು ಪಕ್ಕದ ಓಣಿಯವರು ನಡೆಸಲು ತೆಗೆದುಕೊಂಡರು. ಅದು ಮನೆಯ ಮುಂದೆ ಹಾಯುವಾಗ ಭೀಮಶಿ ಬೇರೆ ಕಡೆ ಮುಖ ಮಾಡಿ ಕೂರುತ್ತಿದ್ದ.

ಆಸ್ಪತ್ರೆಯಲ್ಲಿದ್ದಾಗಲೇ, ತಾಯಿ ಗೋಕಾಕದ ಡಾಕ್ಟರ ಮುಂದೆ ಹೇಳಿದ ಸಂಗತಿ ತಿಳಿದು ಅವನು ಒಂದೇ ಮಾತು ಕೇಳಿದ್ದ: "ಯಾಕ ಹೇಳಿದಿ ಯವ್ವಾ? ನಾ ಹೇಳಿರಲಿಲ್ಲಲ್ಲ." ಅದು ಸಿಟ್ಟೋ ಪ್ರೀತಿಯೋ ಅವಳಿಗೆ ತಿಳಿಯಲಿಲ್ಲ.

ಸರಿತಾ ಮಾತ್ರ ಏನೂ ಕೇಳಲಿಲ್ಲ. ಮನೆಗೆ ಬಂದಮೇಲೂ ಕೇಳಲಿಲ್ಲ. ಗುಳಿಗೆಯ ಹೊತ್ತಿಗೆ ನೀರಿನ ತಂಬಿಗೆ ತಂದಿಡುವಳು, ಗಂಡ ಅರ್ಧ ತಾಸು ಗೋಡೆಗೆ ಒರಗಿ ಕೂರುವವರೆಗೂ ಪಕ್ಕದಲ್ಲಿ ಜೋಳ ಹಸನು ಮಾಡುವಳು. "ಅತ್ತಿ, ಚಹಾ ತಗೋರಿ," "ಅತ್ತಿ, ಎಮ್ಮಿ ಹಿಂಡಿ ಮುಗದೈತಿ." ಮೊದಲಿನಷ್ಟೇ ಮರ್ಯಾದೆ, ಮೊದಲಿನದೇ ದನಿ. ಸುಂದ್ರವ್ವನಿಗೆ ಅದೇ ತಡೆಯಲಾಗಲಿಲ್ಲ. ಓಣಿಯ ಹೆಂಗಸರು ಮೂಗು ಮುರಿದರೆ ಅವಳು ತಿರುಗಿ ಬೈದಾಳು, ಗಂಡ ಗದರಿದರೆ ಮುಖ ತಿರುಗಿಸಿಯಾಳು. ಏನೂ ಅನ್ನದ ಸೊಸೆಯನ್ನು ಏನು ಮಾಡುವುದು?

ಒಂದು ಮಧ್ಯಾಹ್ನ ಸರಿತಾ ರೊಟ್ಟಿ ಬಡಿಯುತ್ತಿದ್ದಳು. ಭೀಮಶಿ ಹೊರಗಿನ ಕಟ್ಟೆಯ ಮೇಲೆ ಮಲಗಿದ್ದ. ಸುಂದ್ರವ್ವ ಒಲೆಗೆ ಸೌದೆ ಚಾಚುವ ನೆಪದಲ್ಲಿ ಹತ್ತಿರ ಕೂತಳು.

"ಸರಿತಾ, ನನಗ ಬೈ."

ಸರಿತಾ ರೊಟ್ಟಿ ತಿರುವಿ ಹಾಕಿದಳು.

"ಬಾಯಿಗೆ ಬಂದಂಗ ಬೈ. ನಿನ್ನ ತವರಿಗೆ ಬೈದೇನಿ ನಾ, ನಿನ್ನ ಮಾತ ಕೇಳಲಿಲ್ಲ, ನಿನ್ನ ಗಂಡನ ಕಾಲ ಮುರದೇನಿ. ಒಮ್ಮಿ ಬೈದ ಬಿಡವ್ವಾ, ನಾ ಕೈ ಮುಗೀತೇನಿ."

ಸರಿತಾ ಹಿಟ್ಟಿನ ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡಳು. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು, ಇಬ್ಬರೂ ತೆಗೆಯಲಿಲ್ಲ.

"ದಿನಾ ಹಾಲಿನ ಲೋಟಾ ತಿಕ್ಕಿದಾಕಿ ನಾನ ಅತ್ತಿ," ಎಂದಳು. "ಕಲ್ಲೋಳಿಗೆ ಹೋಗೂಮಟಾ ದಿನಾ ತಿಕ್ಕೇನಿ. ಗುಳಿಗಿ ಹಾಲಿನ್ಯಾಗ ಹೊಂಟಾವ ಅಂತ ನನಗ ಗೊತ್ತಿತ್ತು. ಅವ್ರು ಗುಳಿಗಿ ಮುಗದುವು ಅಂದಾಗ, ಕಣ್ಣ ನೋಡಿನ ಸುಳ್ಳ ಅಂತ ಗೊತ್ತಾಗಿತ್ತು. ಡಾಕ್ಟರ ಹೇಳಿದ್ದ ಎಲ್ಲಾ ತಿಳಿದಾಕಿ ಈ ಮನ್ಯಾಗ ನಾ ಒಬ್ಬಾಕಿನ. ಮತ್ತ ಜಗಳ ಆಗತೈತಿ, ಸಾಕಾಗೇತಿ ಅಂತ ಸುಮ್ನಾದೆ."

ಸುಂದ್ರವ್ವ ಕೈಯಲ್ಲಿದ್ದ ಸೌದೆಯನ್ನು ನೆಲಕ್ಕಿಟ್ಟಳು.

"ನಿಮಗ ಬೈದ್ರ ನಿಮಗ ಹಗುರಾಗತೈತಿ," ಎಂದಳು ಸರಿತಾ. "ನನಗ ಬೈಯವ್ರು ಯಾರ ಅದಾರ್ರಿ?"